ಚಿಕ್ಕಜಾಜೂರಿನಲ್ಲಿ ಇಳಿದವರು

ಮೂರು ಒತ್ತಕ್ಷರದ ಹೆಸರು ಅವರದು: ತಿಪ್ಪೇರುದ್ರಪ್ಪ.
ಬರೆಯುವ ಮೊದಲೇ ಗೋಡೆಯ ಬುಡದಲ್ಲಿ
ಗೇಣು ಜಾಗ ಬಿಟ್ಟುಕೊಳ್ಳಬೇಕು, ಇಲ್ಲವಾದರೆ
ಕೊನೆಯ ಪಕಾರ ಚರಂಡಿಗೆ ಕಾಲು ಇಳಿಬಿಡುತ್ತದೆ.
ನಾನಿದನ್ನು ಕಲಿತದ್ದು ಎಂಬತ್ತೈದರಲ್ಲಿ,
ದಾವಣಗೆರೆಯ ಹತ್ತಿ ಗಿರಣಿ ಇನ್ನೂ ಉಸಿರಾಡುತ್ತಿದ್ದಾಗ,
ಅದರ ಕಾಂಪೌಂಡಿನ ಮೇಲೆ.
ಸೈರನ್ನಿಗೆ ಬೆಚ್ಚಿದ ಕುಂಚ
ರುದ್ರನ ಕೊಂಬನ್ನು ವಾರೆ ಮಾಡಿತು.
ಅವರು ನೋಡಿದರು. "ಇರಲಿ ಬಿಡೋ,
ಎತ್ತಿನ ಕೊಂಬು ಎರಡೂ ಒಂದೇ ಥರ ಇರ್ತಾವೇನು?"

ಮೂರು ಸಲ ಗೆದ್ದರು, ಒಮ್ಮೆ ಸೋತರು.
ಸೋತ ಸಲ ನನ್ನ ಕೂಲಿ ಎಲ್ಲರಿಗಿಂತ ಮೊದಲು ಬಂತು.
ಗೆದ್ದ ಮೂರೂ ಸಲ
ಆಜಾದ್ ನಗರದ ನಮ್ಮ ಓಣಿಯ ನೀರಿನ ಪೈಪು
"ಬಂತು ಅಂತ ತಿಳ್ಕೋ" ಎಂಬಲ್ಲಿಗೇ ನಿಂತಿತು.
ಎರಡನ್ನೂ ನೆನಪಿಟ್ಟಿದ್ದೇನೆ.

ಈಗೆಲ್ಲ ಫ್ಲೆಕ್ಸು. ಮುಖವೇ ಇಪ್ಪತ್ತಡಿ,
ಅಕ್ಷರ ಮೂಲೆಯಲ್ಲಿ ಇರುವೆ ಸಾಲು.
ಆದರೂ ಆನಗೋಡಿನ ಕಡೆ ಹೋಗುವ ರಸ್ತೆಯಲ್ಲಿ
ತಮ್ಮ ಮೆಕ್ಕೆಜೋಳದ ಗೋದಾಮಿನ ಒಂದು ಗೋಡೆಯನ್ನು
ನನ್ನ ಕೈಗೆಂದೇ ಉಳಿಸಿದ್ದರು.
"ಈ ಸಲ ಲೋಕಸಭೆ, ದಾದಾಪೀರ್. ದೊಡ್ಡದಾಗಿ ಬರಿ"
ಎಂದು ಅವರ ಅಳಿಯ ಹೇಳಿ ಹೋದ.
ಸಾಹೇಬರು ಬೆಳಗಿನ ರೈಲಿಗೆ ಬೆಂಗಳೂರಿಗೆ,
ಸಂಜೆಗೆ ಕೈಯಲ್ಲಿ ಬಿ ಫಾರಂ.
ನಾನು ಎರಡು ಕೋಟು ಸುಣ್ಣ ಹೊಡೆದು, ದಾರ ಹಿಡಿದು,
ಗೇಣು ಬಿಟ್ಟು,
ತಿ ಬರೆದೆ. ಪ್ಪೇ ಬರೆದೆ.
ಫೋನು: "ನಿಲ್ಲಿಸು ಮಾರಾಯ.
ಚಿಕ್ಕಜಾಜೂರಿನಾಗ ಇಳಿದುಬಿಟ್ಟಾರ."

ಚೀಲ, ಶಾಲು, ಹಿಂಬಾಲಕರು ಎಲ್ಲ ಯಶವಂತಪುರ ಮುಟ್ಟಿದರು.
ಅವರೊಬ್ಬರು ಮುಟ್ಟಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಿರ್ಚಿ ಅಂಗಡಿಗಳ ಬಾಣಲೆಯಲ್ಲಿ
ಹದಿನಾಲ್ಕು ಕಾರಣ ಕರಿಯುತ್ತಿದ್ದವು:
ಎದುರು ಪಾರ್ಟಿಯ ಸೂಟ್‌ಕೇಸು, ಮಠದಿಂದ ಬಂದ ಫೋನು,
ಸಕ್ಕರೆ ಕಾಯಿಲೆ, ಹೆಂಡತಿಯ ಆಣೆ, ಅಳಿಯನ ಸಾಲ.
ಮಂಡಕ್ಕಿ ತಿನ್ನುವವರೆಲ್ಲ ಹೌದೌದು ಅಂದರು,
ಪ್ರತಿ ಕಾರಣಕ್ಕೂ.

ಹೊತ್ತು ಮುಳುಗುವಾಗ ಯಾರದೋ ಟಿವಿಎಸ್‌ನ ಹಿಂದೆ,
ಹಾಲಿನ ಖಾಲಿ ಕ್ಯಾನು ತಬ್ಬಿ ಕೂತು, ನೇರ ಗೋಡೆಗೆ ಬಂದರು.
ಶಾಲೆ ಬಿಟ್ಟ ಹುಡುಗರು ದೀರ್ಘವನ್ನು ನುಂಗಿ
"ತಿಪ್ಪೆ! ತಿಪ್ಪೆ!" ಎಂದು ಓದಿ ಓಡುತ್ತಿದ್ದರು.
ನನಗೆ ನಾಲಗೆ ಒಣಗಿತು. "ಅಳಿಸಿಬಿಡ್ತೀನ್ರಿ."
ಅವರು ನಕ್ಕರು, ಕೆಮ್ಮು ಬರುವಷ್ಟು.
"ತಿಪ್ಪೆ ಇಲ್ಲದ ಹೊಲ ಎಲ್ಲೈತೋ? ಇರಲಿ."

ಕೇಳಬಾರದಿತ್ತು, ಕೇಳಿದೆ.
ಬಕೀಟು ಬೋರಲು ಹಾಕಿ ಕೂತರು.
"ಕ್ರಾಸಿಂಗಿಗೆ ಅಂತ ಗಾಡಿ ನಿಂತಿತ್ತು. ಚಾ ಕುಡಿಯೋಣ ಅಂತ ಇಳಿದೆ.
ಬೆಂಚಿನ ಮೇಲೆ ನಾಲ್ಕು ಮಂದಿ ಕೂತಿದ್ರು.
ನಲವತ್ತು ವರ್ಷದಾಗ ಮೊದಲ ಸಲ ಪೀರಾ,
ನಾ ಬಂದೆ ಅಂತ ಒಬ್ಬನೂ ಏಳಲಿಲ್ಲ.
ಒಬ್ಬಾತ ಒಂಚೂರು ಸರಿದ, ಅಷ್ಟೇ.
ಅಷ್ಟು ಜಾಗದಾಗ ಕೂತೆ.
ಗಾಡಿ ಹೋತು."

ಪೂರ್ತಿ ನಂಬಿದೆನೆಂದು ಹೇಳಲಾರೆ.
ಹೋದ ವರ್ಷ ಅವರು ಕೊಟ್ಟ ಚೆಕ್ಕು
ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನಿಂದ ವಾಪಸಾಗಿತ್ತು.
ಅಕ್ಷರದವನು ನಾನು, ನೋಡಿದ್ದೆ:
ಸಾಲು ಬಿಟ್ಟು ಜಾರಿದ ರು, ಪುಡಿಯಾದ ದ್ರ.
ಯಾರಿಗೂ ಹೇಳಲಿಲ್ಲ.
ಇವತ್ತು ನಗದು ಕೊಟ್ಟರು, ಎಡಗೈಯಿಂದ.
ಬಲಗೈ ಜುಬ್ಬದ ಜೇಬಿನಲ್ಲೇ ಇತ್ತು,
ಹಿಡಿದ ಹಕ್ಕಿಯಂತೆ ಒಳಗೇ ಮಿಸುಕುತ್ತ.

ಗೋಡೆ ಕೇಳಿಕೊಂಡು ಎರಡೂ ಪಾರ್ಟಿಯವರು ಬಂದರು,
ಕೊಡಲಿಲ್ಲವಂತೆ.
ಚುನಾವಣೆ ಮುಗಿಯಿತು. ಯಾರೋ ಗೆದ್ದರು.
ನೀಲಿ ಎರಡು ಅಕ್ಷರ, ಮುಂದೆ ಬರೀ ಸುಣ್ಣ,
ಕೆಳಗೆ ನಾನು ಬಿಟ್ಟ ಗೇಣು ಹಾಗೇ ಇದೆ.
ಅಲ್ಲೊಂದು ಸ್ಟಾಪೂ ಆಗಿದೆ ಈಗ.
ಬಸ್ಸು ನಿಧಾನಿಸುವ ಮೊದಲೇ
ಕಂಡಕ್ಟರ್ ಬಾಗಿಲು ಬಡಿದು ಕೂಗುತ್ತಾನೆ:
"ತಿಪ್ಪೇ ಗೋಡೆ ಯಾರ್ರೀ?
ಇಳಿಯೋರು ಇಳೀರಿ, ಬೇಗ."